ನಿಧಾನಕ್ಕೆ ಓಡುವ ಕ್ಯಾಸೆಟ್ಟು, ಉಲ್ಟಾ ಹಾಡುವ ಗಾಯಕ: ಇದು ಮೈಸೂರಿನ ಯಾವ ಬ್ಯಾಂಡು?

ಹತ್ತನೇ ಮೇನ್
ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಅಣ್ಣನ ಟ್ರಂಕು ಸಿಕ್ಕಿತು. ಒಳಗೆ ಎಂಜಿನಿಯರಿಂಗ್ ಡ್ರಾಯಿಂಗ್ ಶೀಟುಗಳು, ಗಿಟಾರಿಗೆ ಹಾಕುವ ಒಂದು ಮುರಿದ ಕ್ಯಾಪೊ ಕ್ಲಿಪ್ಪು, 11 ಕ್ಯಾಸೆಟ್ಟು. ಹತ್ತರ ಮೇಲೆ ಏನಿದೆ ಅಂತ ಬರೆದಿದೆ. ಹನ್ನೊಂದನೆಯದು ಒಂದು ಸಿ-60, ಅಂದರೆ ಎರಡೂ ಸೈಡು ಸೇರಿ 60 ನಿಮಿಷದ್ದು. ಬಾಲ್‌ಪೆನ್ನಿನಲ್ಲಿ ಬರೆದದ್ದು ನೀರು ತಗುಲಿ ಹರಡಿಕೊಂಡಿದೆ. "ಮೈಸೂರು 98" ಅನ್ನುವುದಷ್ಟೇ ಓದಲು ಬರುತ್ತದೆ. ಕೆಳಗೆ ಮೂರು ಸಾಲು ಇದ್ದಿರಬೇಕು, ಈಗ ಬರೀ ನೀಲಿ ಕಲೆ.

ಡೆಕ್ಕಿಗೆ ಹಾಕಿ ನೋಡಿದೆ. ಎ ಸೈಡಿನಲ್ಲಿ ಯಾರೋ ಅರ್ಧ ನಿದ್ದೆಯಲ್ಲಿ ಡ್ರಮ್ ಬಾರಿಸಿದ ಹಾಗಿದೆ, ಅಷ್ಟು ನಿಧಾನ. ಜೊತೆಗೆ ಎಮ್ಮೆ ಗುಟುರು ಹಾಕಿದಂಥ ಒಂದು ಸದ್ದು. ಹಾಡೇ ಇಲ್ಲ. ಶುರುವಿನಲ್ಲಿ ಒಬ್ಬ ಬಾವಿಯೊಳಗಿಂದ ಏನೋ ಎಣಿಸುತ್ತಾನೆ. ಬಿ ಸೈಡು ಇನ್ನೂ ವಿಚಿತ್ರ. ಗಿಟಾರ್ ಇದೆ, ಹಾಡೂ ಇದೆ, ಆದರೆ ಎಲ್ಲಾ ಉಲ್ಟಾ. ಅದೂ ನಿಧಾನ. ಕೇಳುತ್ತಾ ಕೇಳುತ್ತಾ ನನ್ನ ಮಗಳು ಎದ್ದು ಆಚೆ ಹೋದಳು.

ಅಣ್ಣನಿಗೆ ಫೋನ್ ಮಾಡಿದರೆ "ಯಾರದೋ ಏನೋ, ನೆನಪಿಲ್ಲ, ಎಸೆದುಬಿಡು" ಅಂದ. ಅವನು ಹಾಗೆಲ್ಲ ಎಸಿ ಅನ್ನುವವನಲ್ಲ, 1994ರ ಬಸ್ ಪಾಸನ್ನೂ ಇಟ್ಟುಕೊಂಡಿದ್ದಾನೆ. ಆ ಕಾಲದಲ್ಲಿ ಮೈಸೂರಿನಲ್ಲಿ ಬ್ಯಾಂಡ್ ಕಟ್ಟಿಕೊಂಡು ಮನೆಯಲ್ಲೇ ರೆಕಾರ್ಡ್ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ? ಇದು ಯಾರದ್ದು ಅಂತ ಗೊತ್ತಾಗಬೇಕು. ನಿಮ್ಮ ಹತ್ತಿರ ಇಂಥ ಬೇರೆ ಟೇಪು ಇದ್ದರೂ ಹೇಳಿ.

ಒಗ್ಗರಣೆ
ಉಲ್ಟಾ ಹಾಡುತ್ತಿದೆ ಅಂದರೆ ಬ್ಯಾಂಡ್ ಅಲ್ಲ ಗುರು, ಮನೆಗೆ ಶಾಂತಿ ಮಾಡಿಸು.

ಅಗ್ರಹಾರ ಸರ್ಕಲ್
ಬೆಲ್ಟ್ ಸಡಿಲ ಆಗಿದೆ. ಹಳೇ ಡೆಕ್ಕಿಗೆಲ್ಲ ಇದೇ ರೋಗ. ಬೆಲ್ಟ್ ಬದಲಾಯಿಸಿ, ಎಲ್ಲಾ ಸರಿ ಹೋಗುತ್ತದೆ.

ಹತ್ತನೇ ಮೇನ್
ಅದೇ ಡೆಕ್ಕಿನಲ್ಲಿ ಉಳಿದ ಹತ್ತು ಕ್ಯಾಸೆಟ್ಟೂ ಚೆನ್ನಾಗಿ ಓಡುತ್ತಿವೆ. ಬೆಲ್ಟ್ ಸಡಿಲ ಆದರೆ ಹಾಡು ಉಲ್ಟಾ ಆಗುತ್ತದಾ?

ನಂಜನಗೂಡು ಪ್ಯಾಸೆಂಜರ್
ನಾವೂ ಆಗ ಮೂರು ಹಾಡು ಮಾಡಿದ್ದೆವು. ಮಾಡಿದ್ದೆವು ಅಂದರೆ, ಒಂದು ರೂಮು, ಮಧ್ಯದಲ್ಲಿ ಒಂದು ಟೇಪ್ ರೆಕಾರ್ಡರ್, ಎಲ್ಲರೂ ಸುತ್ತ ಕೂತು ಒಟ್ಟಿಗೆ ನುಡಿಸುವುದು. ಮಿಕ್ಸಿಂಗ್ ಅಂದರೆ ಜಾಗ ಬದಲಾಯಿಸುವುದು. ಡ್ರಮ್ ಜಾಸ್ತಿ ಆಯಿತು ಅಂದರೆ ಅವನನ್ನು ಬಚ್ಚಲಮನೆ ಬಾಗಿಲಿಗೆ ತಳ್ಳುತ್ತಿದ್ದೆವು. ಗಿಟಾರ್ ಕೇಳಿಸಲ್ಲ ಅಂದರೆ ಅಹುಜಾ ಆಂಪ್ಲಿಫೈಯರನ್ನು ಸ್ಟೂಲಿನ ಮೇಲೆ ಏರಿಸುವುದು. ಅದೂ ಗಿಟಾರ್ ಆಂಪ್ ಅಲ್ಲ, ಗಣೇಶನ ಪೆಂಡಾಲಿಗೆ ಹಾಕುವಂಥದ್ದು. ಅದನ್ನು ಪೂರ್ತಿ ತಿರುಗಿಸಿದರೆ ಸದ್ದು ಒಡೆದು ತಾನಾಗೇ ಡಿಸ್ಟಾರ್ಷನ್, ಅದಕ್ಕೆ ಅಂತ ಕೊಳ್ಳುವ ಪೆಡಲ್ಲಿನ ದುಡ್ಡು ಉಳಿಯಿತು.

ಲೋಡ್ ಶೆಡ್ಡಿಂಗ್ ಕಾಲ ಬೇರೆ. ಕರೆಂಟು ಹೋಗುವ ಹೊತ್ತು ನೋಡಿಕೊಂಡೇ ಹಾಡಿನ ಉದ್ದ ತೀರ್ಮಾನ ಆಗುತ್ತಿತ್ತು. ನಮ್ಮ ಎರಡನೇ ಹಾಡಿನ ಕೊನೆಯಲ್ಲಿ ಎಲ್ಲಾ ನಿಧಾನ ಆಗಿ, ಶ್ರುತಿ ಇಳಿದು, ನಿಂತುಹೋಗುತ್ತದೆ. ವೋಲ್ಟೇಜ್ ಬಿದ್ದದ್ದು ಅದು. ಕೇಳಿದವರು "ಎಂಡಿಂಗ್ ಸೂಪರ್" ಅಂದರು. ನಾವೂ ಸುಮ್ನೆ ಇದ್ದುಬಿಟ್ಟೆವು.

ಸೋಲ್ಡರಿಂಗ್ ಐರನ್
ಪ್ಯಾಸೆಂಜರ್, ಒಂದು ಅನುಮಾನ. ವೋಲ್ಟೇಜ್ ಬಿದ್ದಾಗ ರೆಕಾರ್ಡ್ ಮಾಡುವ ಮೋಟಾರೇ ನಿಧಾನ ಆದರೆ, ಆಮೇಲೆ ಸರಿ ವೇಗದಲ್ಲಿ ಕೇಳುವಾಗ ಶ್ರುತಿ ಏರಬೇಕು, ಇಳಿಯಬಾರದು. ನಿಮ್ಮದರಲ್ಲಿ ಇಳಿದಿದೆ ಅಂದರೆ ರೆಕಾರ್ಡರ್ ಬ್ಯಾಟರಿಯಲ್ಲಿತ್ತು, ಕೀಬೋರ್ಡೋ ಇನ್ನೇನೋ ಸತ್ತಿರಬೇಕು.

ನಂಜನಗೂಡು ಪ್ಯಾಸೆಂಜರ್
27 ವರ್ಷದಿಂದ ಹೇಳಿಕೊಂಡು ಬಂದ ಕಥೆಯನ್ನು ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿರಿ. ಆದರೆ ಹೌದು, ಬ್ಯಾಟರಿ ಹಾಕಿದ್ದೆವು. ಆರು ದೊಡ್ಡ ಸೆಲ್ಲು, ಆ ದುಡ್ಡಿಗೆ ಜಗಳ ಆಗಿದ್ದು ನೆನಪಿದೆ.

ಅಗ್ರಹಾರ ಸರ್ಕಲ್
ಮೊದಲು ಒಂದು ವಿಷಯ ಇತ್ಯರ್ಥ ಆಗಲಿ. ಇಂಥ ಬ್ಯಾಂಡುಗಳಿಗೆ "ಅಂಡರ್‌ಗ್ರೌಂಡ್" ಅನ್ನುವ ಪದವನ್ನು ಎಲ್ಲರೂ ಸುಲಭವಾಗಿ ಬಳಸುತ್ತಾರೆ. ಕಾಲೇಜ್ ಫೆಸ್ಟಿನಲ್ಲಿ ಇಂಗ್ಲಿಷ್ ಹಾಡಿನ ಕಾಪಿ ಹೊಡೆದವರೆಲ್ಲ ಅಂಡರ್‌ಗ್ರೌಂಡ್ ಅಲ್ಲ. ಸ್ವಂತ ಹಾಡು ಇರಬೇಕು. ಮೈಸೂರಿನಿಂದ ಹಾಗೆ ಹೊರಟವರು ಬೆರಳೆಣಿಕೆ. ರಘು ದೀಕ್ಷಿತ್ ಅಂತರಾಗ್ನಿ ಅನ್ನುವ ಬ್ಯಾಂಡ್ ಕಟ್ಟಿದರು, ಆಮೇಲೆ 2008ರಲ್ಲಿ ಮೊದಲ ಆಲ್ಬಂ ಬಂತು. ತಮ್ಮ ವಾಸು ದೀಕ್ಷಿತ್ ಸ್ವರಾತ್ಮ ಬ್ಯಾಂಡಿನಲ್ಲಿ ಹಾಡಿದರು, ಅವರ ಮೊದಲ ಆಲ್ಬಂ 2009ರದು. ಇಬ್ಬರೂ ಬೆಳೆದದ್ದು ಇಲ್ಲಿ, ಆದರೆ ಹೆಸರು ಮಾಡಿದ್ದು ಬೆಂಗಳೂರಿಗೆ ಹೋದ ಮೇಲೆ. ಉಳಿದವರು ಎಲ್ಲಿ?

ಒಗ್ಗರಣೆ
ನಮ್ಮೂರಲ್ಲಿ ಅಂಡರ್‌ಗ್ರೌಂಡ್ ಅಂದರೆ ಒಳಚರಂಡಿ ಒಂದೇ. ಅದನ್ನೂ ಅರ್ಧಕ್ಕೆ ಬಿಟ್ಟಿದ್ದಾರೆ ನಮ್ಮ ಬೀದಿಯಲ್ಲಿ.

ಕೀಬೋರ್ಡ್ ಅಕ್ಕ
ಉಳಿದವರು ಎಲ್ಲಿ ಅಂದರೆ ಇಲ್ಲೇ ಇದ್ದೇವೆ ಸರ್ಕಲ್ ಅವರೇ, ಮಕ್ಕಳನ್ನು ಟ್ಯೂಷನ್ನಿಗೆ ಬಿಟ್ಟು ಬಂದು ಇದನ್ನು ಓದುತ್ತಿದ್ದೇವೆ. ಹೊರಗೆ ಹೋಗಿ ಹೆಸರು ಮಾಡಿದರೆ ಮಾತ್ರ ಲೆಕ್ಕಕ್ಕಾ?

ನಾನು ಎರಡು ವರ್ಷ ಒಂದು ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸಿದೆ. ಐದು ಜನರಲ್ಲಿ ನಾನೊಬ್ಬಳೇ ಹುಡುಗಿ. ಪ್ರತಿ ಫೆಸ್ಟಿಗೂ ಬ್ಯಾಂಡಿನ ಹೆಸರು ಬದಲಾಗುತ್ತಿತ್ತು. ಹಿಂದಿನ ವರ್ಷ ಸ್ಟೇಜಿನಿಂದ ಇಳಿಸಿದವರಿಗೆ ಗುರುತು ಸಿಗಬಾರದು ಅಂತ. ನಮ್ಮ ಟೇಪು ನನ್ನ ಹತ್ತಿರ ಇನ್ನೂ ಇದೆ. ಎಲ್ಲಾ ಹಾಡಿನಲ್ಲೂ ಅರ್ಧಕ್ಕೆ ಕೀಬೋರ್ಡ್ ನಿಲ್ಲುತ್ತದೆ. ಹಾಸ್ಟೆಲ್ ಗೇಟ್ 7 ಗಂಟೆಗೆ ಮುಚ್ಚುತ್ತಿತ್ತು. ನಾನು ಹೋದ ಮೇಲೆ ಅವರು ಉಳಿದದ್ದನ್ನು ಮುಂದುವರಿಸುತ್ತಿದ್ದರು. ಒಂದು ಹಾಡಿನಲ್ಲಂತೂ ನಾನು ಚಪ್ಪಲಿ ಹಾಕಿಕೊಂಡು ಬಾಗಿಲು ಎಳೆದುಕೊಂಡು ಹೋಗುವ ಸದ್ದೂ ಬಂದಿದೆ. ತಾಳಕ್ಕೆ ಸರಿಯಾಗಿ.

ಸಕ್ಕರೆನಾಡು
ಮಂಡ್ಯದಿಂದ ನಮಸ್ಕಾರ. ನಿಮ್ಮ ಮೈಸೂರಿನ ಬ್ಯಾಂಡ್ ಹುಡುಗರು ನಮಗೆ ಚೆನ್ನಾಗಿ ಗೊತ್ತು. 45 ಕಿಲೋಮೀಟರ್ ಬಸ್ಸಿನಲ್ಲಿ ಬಂದು ನಮ್ಮ ಆರ್ಕೆಸ್ಟ್ರಾದಲ್ಲಿ ನುಡಿಸಿ ದುಡ್ಡು ತಗೊಂಡು, ವಾಪಸ್ ಹೋಗಿ "ಅವರದು ಬರೀ ಫಿಲಂ ಹಾಡು" ಅಂತ ಆಡಿಕೊಳ್ಳುತ್ತಿದ್ದರು. ಗಣೇಶನ ಹಬ್ಬದಿಂದ ದಸರಾವರೆಗೆ ನಮಗೆ ಒಂದು ರಾತ್ರಿ ಬಿಡುವಿರುತ್ತಿರಲಿಲ್ಲ. ಮಿಕ್ಸರಿನಿಂದ ನೇರ ಡೆಕ್ಕಿಗೆ ವೈರ್ ಎಳೆದು ರೆಕಾರ್ಡ್ ಮಾಡಿದ ಕ್ಯಾಸೆಟ್ಟು ನಮ್ಮ ಮನೆಯಲ್ಲಿ ನಲವತ್ತು ಇವೆ. ಅದರಲ್ಲಿ ಒಂದು ಕಡೆ, ಎರಡು ಫಿಲಂ ಹಾಡಿನ ಮಧ್ಯೆ, ಜನರೇಟರಿಗೆ ಡೀಸೆಲ್ ಹಾಕುವಷ್ಟು ಹೊತ್ತು ಗಿಟಾರಿನವನು ತನ್ನದೇ ಏನೋ ನುಡಿಸಿದ್ದಾನೆ. ತಮಟೆಯವನು ಅದಕ್ಕೆ ಸೇರಿಕೊಂಡ. ಆರು ನಿಮಿಷ. ಜನ "ಲೇ, ಹಾಡು ಹಾಕ್ರೋ" ಅಂತ ಕೂಗುವುದೂ ಇದೆ. ನನ್ನ ಕೇಳಿದರೆ ಅದಕ್ಕಿಂತ ಅಂಡರ್‌ಗ್ರೌಂಡ್ ಯಾವುದೂ ಇಲ್ಲ.

ಅಗ್ರಹಾರ ಸರ್ಕಲ್
ಆರ್ಕೆಸ್ಟ್ರಾ ಬೇರೆ, ಬ್ಯಾಂಡ್ ಬೇರೆ.

ಸಕ್ಕರೆನಾಡು
ಸಂಬಳ ಬರುತ್ತಿದ್ದರೆ ಆರ್ಕೆಸ್ಟ್ರಾ, ಅಪ್ಪ ಬೈಯುತ್ತಿದ್ದರೆ ಬ್ಯಾಂಡ್. ಅಷ್ಟೇ ವ್ಯತ್ಯಾಸ.

ಹತ್ತನೇ ಮೇನ್
ಆ ಆರು ನಿಮಿಷ ಹಾಕಿ ದಯವಿಟ್ಟು! ನನ್ನ ಕ್ಯಾಸೆಟ್ಟಿನ ಕಡೆಗೂ ಸ್ವಲ್ಪ ನೋಡಿ.

ಸೋಲ್ಡರಿಂಗ್ ಐರನ್
ನೋಡಿದೆ. ಇದು ಹಾಳಾದ ಕ್ಯಾಸೆಟ್ಟಲ್ಲ. ಎಸೆಯಬೇಡಿ, ಬೇರೆ ಏನನ್ನೂ ಮೇಲೆ ರೆಕಾರ್ಡ್ ಮಾಡಬೇಡಿ, ಕ್ಯಾಸೆಟ್ಟಿನ ಹಿಂಬದಿಯ ರೈಟ್ ಪ್ರೊಟೆಕ್ಟ್ ಕಿವಿ (ಅದು ಇದ್ದರಷ್ಟೇ ರೆಕಾರ್ಡ್ ಆಗುವುದು) ಇನ್ನೂ ಇದ್ದರೆ ಈಗಲೇ ಮುರಿದುಬಿಡಿ.

ನಮ್ಮ ಮಾಮೂಲಿ ಕ್ಯಾಸೆಟ್ಟಿನ ಟೇಪಿನಲ್ಲಿ ನಾಲ್ಕು ಗೆರೆ, ಅಂದರೆ ಟ್ರ್ಯಾಕ್, ಇರುತ್ತವೆ. ಎ ಸೈಡಿಗೆ ಎಡ ಬಲ ಎರಡು, ಬಿ ಸೈಡಿಗೆ ಎರಡು, ಅದು ವಿರುದ್ಧ ದಿಕ್ಕಿಗೆ. ಫೋರ್ ಟ್ರ್ಯಾಕ್ ಅಂತ ಒಂದು ಯಂತ್ರ ಬರುತ್ತಿತ್ತು. 1979ರಲ್ಲಿ ಟಿಯಾಕ್ ಕಂಪನಿ ಪೋರ್ಟಾಸ್ಟುಡಿಯೋ ಅಂತ ಶುರು ಮಾಡಿದ್ದು. ಅದು ನಾಲ್ಕೂ ಗೆರೆಯನ್ನು ಒಂದೇ ದಿಕ್ಕಿಗೆ ಬಳಸುತ್ತದೆ. ಮೊದಲು ಡ್ರಮ್ ಒಂದರಲ್ಲಿ ತುಂಬುವುದು, ಅದನ್ನು ಕೇಳಿಕೊಂಡು ಬೇಸ್ ಗಿಟಾರ್ ಎರಡರಲ್ಲಿ, ಗಿಟಾರ್ ಮೂರರಲ್ಲಿ, ಹಾಡು ನಾಲ್ಕರಲ್ಲಿ. ಸೌಂಡ್ ಚೆನ್ನಾಗಿ ಬರಲಿ ಅಂತ ಕೆಲವು ಮಾಡೆಲ್ಲುಗಳು ಎರಡು ಪಟ್ಟು ವೇಗದಲ್ಲಿ ಓಡುತ್ತಿದ್ದವು. ಮಾಮೂಲಿ ಡೆಕ್ ಸೆಕೆಂಡಿಗೆ 4.76 ಸೆಂಟಿಮೀಟರ್, ಇದು ಸುಮಾರು 9.5. ಹಾಗಾಗಿ ಸಿ-60 ಹಾಕಿದರೆ ಸಿಗುವುದು ಬರೀ 15 ನಿಮಿಷ.

ಈಗ ನಿಮ್ಮ ಡೆಕ್ಕಿನಲ್ಲಿ ಏನಾಗುತ್ತದೆ ಯೋಚಿಸಿ. ಎ ಸೈಡು: ಒಂದು ಮತ್ತು ಎರಡನೇ ಟ್ರ್ಯಾಕ್, ಅಂದರೆ ಡ್ರಮ್ ಮತ್ತು ಬೇಸ್, ಅರ್ಧ ವೇಗ, ಒಂದು ಸ್ಥಾಯಿ ಕೆಳಗೆ. ಆ ಬೇಸೇ ನಿಮ್ಮ ಎಮ್ಮೆ. ಬಿ ಸೈಡು: ಮೂರು ಮತ್ತು ನಾಲ್ಕು, ಗಿಟಾರ್ ಮತ್ತು ಹಾಡು, ಅರ್ಧ ವೇಗ, ಉಲ್ಟಾ. ಬಾಲೆನ್ಸ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ. ಡ್ರಮ್ ಒಂದೇ ಕೇಳಿಸಿದರೆ ನಾನು ಹೇಳಿದ್ದು ಸರಿ.

ಹತ್ತನೇ ಮೇನ್
ಎಡಕ್ಕೆ ತಿರುಗಿಸಿದೆ. ಬರೀ ಡ್ರಮ್. ಬಲಕ್ಕೆ ತಿರುಗಿಸಿದೆ. ಬರೀ ಎಮ್ಮೆ.

ಒಗ್ಗರಣೆ
ಮೈ ಜುಮ್ ಅಂತು.

ಅಗ್ರಹಾರ ಸರ್ಕಲ್
ಸರಿ, ಬೆಲ್ಟ್ ಅಲ್ಲ. ಆದರೆ 98ರಲ್ಲಿ ಮೈಸೂರಿನ ಹುಡುಗರ ಹತ್ತಿರ ಫೋರ್ ಟ್ರ್ಯಾಕ್ ಎಲ್ಲಿಂದ ಬಂತು? ನನಗೆ ಗೊತ್ತಿದ್ದ ಹುಡುಗರಿಗೆ ಗಿವ್ಸನ್ ಅನ್ನುವ ಅಗ್ಗದ ದೇಶಿ ಗಿಟಾರ್ ಕೊಳ್ಳುವುದೇ ದೊಡ್ಡ ಮಾತಾಗಿತ್ತು.

ಸೋಲ್ಡರಿಂಗ್ ಐರನ್
ಈಗ ಕೆಲಸ. ಎರಡೂ ಸೈಡನ್ನು ಕಂಪ್ಯೂಟರಿಗೆ ಇಳಿಸಿ, ಡಾಲ್ಬಿ, ಅಂದರೆ ಟೇಪಿನ ಸುಯ್ ಸದ್ದು ತಗ್ಗಿಸುವ ಗುಂಡಿ, ಆಫ್ ಇರಲಿ. ಆಡಾಸಿಟಿ ಅನ್ನುವ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಎರಡನ್ನೂ 2 ಪಟ್ಟು ವೇಗ ಮಾಡಿ. ಬಿ ಸೈಡನ್ನು ರಿವರ್ಸ್ ಮಾಡಿ. ಆಮೇಲೆ ಎರಡನ್ನೂ ಒಂದರ ಕೆಳಗೆ ಒಂದು ಇಟ್ಟು ಹೊಂದಿಸಿ. ಇಲ್ಲೇ ಕಷ್ಟ ಇರುವುದು. ಡೆಕ್ಕು ಎರಡು ಸಲವೂ ಒಂದೇ ವೇಗದಲ್ಲಿ ಓಡಿರುವುದಿಲ್ಲ, ಹಾಡಿನ ಶುರುವಿನಲ್ಲಿ ಸರಿ ಇದ್ದದ್ದು ಮೂರನೇ ನಿಮಿಷಕ್ಕೆ ಜಾರುತ್ತದೆ. ಡ್ರಮ್ಮಿನ ಸದ್ದು ಗಿಟಾರಿನ ಮೈಕಿಗೆ ಸಣ್ಣಗೆ ಸೋರಿರುತ್ತದೆ, ಅದನ್ನು ಹುಡುಕಿ. ಅದನ್ನು ಹಿಡಿದು ಹತ್ತು ಸೆಕೆಂಡಿಗೊಮ್ಮೆ ಎಳೆದು ಸರಿ ಮಾಡಿ. ತಾಳ್ಮೆ ಬೇಕು. ಸದ್ದು ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಗುತ್ತಿದ್ದರೆ ಡಿಬಿಎಕ್ಸ್ (ಇದೂ ಡಾಲ್ಬಿ ಥರದ್ದೇ) ಹಾಕಿದ್ದಾರೆ ಅಂತ ಅರ್ಥ, ಅದನ್ನು ಆಮೇಲೆ ನೋಡೋಣ.

ಕೀಬೋರ್ಡ್ ಅಕ್ಕ
ಟೇಪಿಗೆ ಬೂಷ್ಟು ಹಿಡಿದಿದೆಯಾ ಮೊದಲು ನೋಡಿ. ಕ್ಯಾಸೆಟ್ಟಿನ ಕಿಟಕಿಯಿಂದ ಬಿಳಿ ಪುಡಿ ಕಂಡರೆ ಹಾಗೇ ಓಡಿಸಬೇಡಿ, ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ನಾನು ಹಾಗೇ ಮೂರು ಕಳಕೊಂಡೆ. ಇನ್ನೊಂದನ್ನು ನಮ್ಮತ್ತೆ ಹರಿಕಥೆ ತುಂಬಿಸಿಕೊಂಡರು, ಮುರಿದ ಕಿವಿಗೆ ಸೆಲ್ಲೋಟೇಪ್ ಅಂಟಿಸಿ. ಹರಿಕಥೆ ಮುಗಿದ ಮೇಲೆ ಕೊನೆಗೆ ನಲವತ್ತು ಸೆಕೆಂಡ್ ನಮ್ಮ ಬ್ಯಾಂಡು ಉಳಿದಿದೆ. ಮಂಗಳ ಹಾಡಿದ ತಕ್ಷಣ ಡಿಸ್ಟಾರ್ಷನ್ ಗಿಟಾರ್.

ಕೆರೆ ಏರಿ
ಮೈಸೂರಿಗೆ ಇದೆಲ್ಲ ಹೊಸದಲ್ಲ ಅನ್ನುವುದನ್ನು ನೆನಪಿಸಬೇಕು. ಆಕಾಶವಾಣಿ ಅನ್ನುವ ಹೆಸರಿನ ರೇಡಿಯೋ ಶುರುವಾದದ್ದೇ ಒಂಟಿಕೊಪ್ಪಲಿನ ಒಂದು ಮನೆಯಲ್ಲಿ, 1935ರಲ್ಲಿ. ಎಂ.ವಿ. ಗೋಪಾಲಸ್ವಾಮಿ ಅವರು ಮನಶ್ಶಾಸ್ತ್ರದ ಮೇಷ್ಟ್ರು, ಸ್ವಂತ ಆಸಕ್ತಿಯಿಂದ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಮಾಡಿದರು. ಇನ್ನು ಜಯಚಾಮರಾಜ ಒಡೆಯರ್ ಅವರು ಮೆಟ್ನರ್ ಅನ್ನುವ ರಷ್ಯನ್ ಸಂಗೀತಗಾರನ ಕೃತಿಗಳನ್ನು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟರು, 1940ರ ದಶಕದ ಕೊನೆಯಲ್ಲಿ. ಆಗ ಮೆಟ್ನರ್‌ಗೆ ವಯಸ್ಸಾಗಿತ್ತು, ಕೈಯಲ್ಲಿ ಕಾಸಿರಲಿಲ್ಲ. ನಮ್ಮ ಮಹಾರಾಜರು ಇಲ್ಲದಿದ್ದರೆ ಅವನು ತಾನೇ ನುಡಿಸಿದ ಆ ರೆಕಾರ್ಡುಗಳು ಇರುತ್ತಿರಲಿಲ್ಲ.

ಒಗ್ಗರಣೆ
ಅಂದರೆ ಮೈಸೂರಿನ ಮೊದಲ ಇಂಡಿ (ಸ್ವತಂತ್ರ) ರೆಕಾರ್ಡ್ ಲೇಬಲ್ ಅರಮನೆ.

ಅಗ್ರಹಾರ ಸರ್ಕಲ್
ಇದೊಂದು ಒಳ್ಳೇ ಮಾತು ಹೇಳಿದಿರಿ ಒಗ್ಗರಣೆ.

ಸೆಕ್ಷನ್ 13
ಎಲ್ಲರೂ "ಹಾಕಿ ಹಾಕಿ" ಅನ್ನುತ್ತಿದ್ದೀರಿ, ಒಂದು ನಿಮಿಷ. ಕ್ಯಾಸೆಟ್ಟು ನಿಮ್ಮ ಟ್ರಂಕಿನಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಹಾಡು ನಿಮ್ಮದಾಗಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಣಕ್ಕೆ 60 ವರ್ಷ ಹಕ್ಕು, ಅದೂ ಪ್ರಕಟ ಆದ ಮುಂದಿನ ವರ್ಷದಿಂದ ಲೆಕ್ಕ. ಹಾಡಿದವರಿಗೆ, ನುಡಿಸಿದವರಿಗೆ ಬೇರೆಯಾಗಿ 50 ವರ್ಷ. ಇದು ಪ್ರಕಟವೇ ಆಗಿಲ್ಲ. ಮೊದಲು ಅವರನ್ನು ಹುಡುಕಿ ಕೇಳಿ.

ನಂಜನಗೂಡು ಪ್ಯಾಸೆಂಜರ್
ಕೇಳುತ್ತಾ ಕೂತರೆ ಏನೂ ಉಳಿಯಲ್ಲ. ಮೈಸ್ಪೇಸ್ ಅನ್ನುವ ಸೈಟ್‌ನಲ್ಲಿ ಹನ್ನೆರಡು ವರ್ಷ ಜನ ಹಾಕಿದ ಹಾಡುಗಳೆಲ್ಲ ಸರ್ವರ್ ಬದಲಾಯಿಸುವಾಗ ಹೋದವು ಅಂತ 2019ರಲ್ಲಿ ಗೊತ್ತಾಯಿತು, 5 ಕೋಟಿ ಹಾಡು ಅಂದರು. ಆಮೇಲೆ ಯಾರೋ ಮೊದಲೇ ಇಳಿಸಿಟ್ಟುಕೊಂಡಿದ್ದ 4,90,000 ಹಾಡು ಇಂಟರ್ನೆಟ್ ಆರ್ಕೈವ್‌ಗೆ ಬಂದವು. ಅವರು ಒಬ್ಬೊಬ್ಬರ ಅನುಮತಿ ಕೇಳಿರಲಿಕ್ಕಿಲ್ಲ. ಒಂದು ಅಂಶವಾದರೂ ಉಳಿಯಿತು ಅಲ್ವಾ?

ಸೆಕ್ಷನ್ 13
ಇಳಿಸಿಟ್ಟುಕೊಳ್ಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ಅಷ್ಟೇ ನಾನು ಹೇಳಿದ್ದು. ಕೆಲವರಿಗೆ ತಾವು 19ನೇ ವಯಸ್ಸಿನಲ್ಲಿ ಬರೆದ ಸಾಹಿತ್ಯ ಈಗ ಆಫೀಸಿನವರು ಕೇಳುವುದು ಇಷ್ಟ ಇರಲ್ಲ.

ಮಾಡರೇಟರ್
ಬ್ಯಾಂಡಿನವರ ನಿಜ ಹೆಸರು, ಫೋನ್ ನಂಬರ್ ಇಲ್ಲಿ ಬೇಡ. ಒಂದು ಕಾಮೆಂಟ್ ತೆಗೆದಿದ್ದೇನೆ. ದೋಸೆ ಎಲ್ಲಿ ಚೆನ್ನಾಗಿರುತ್ತದೆ ಅನ್ನುವ ಹದಿನಾಲ್ಕು ಕಾಮೆಂಟುಗಳನ್ನು ಬೇರೆ ಚರ್ಚೆಗೆ ಸಾಗಿಸಿದ್ದೇನೆ.

ಹತ್ತನೇ ಮೇನ್
ಮೂರು ರಾತ್ರಿ ಕೂತೆ. ಸೋಲ್ಡರಿಂಗ್ ಹೇಳಿದ ಹಾಗೇ ಮಾಡಿದೆ. ಗಿಟಾರಿನ ಟ್ರ್ಯಾಕಿನಲ್ಲಿ ಡ್ರಮ್ ಸೋರಿರಲಿಲ್ಲ, ಆದರೆ ಹಾಡಿನ ಟ್ರ್ಯಾಕಿನಲ್ಲಿ ಹಾಡುವವನ ಹೆಡ್‌ಫೋನಿನಿಂದ ಟಿಕ್ ಟಿಕ್ ಅಂತ ಸಿಂಬಲ್ ಸದ್ದು ಬಂದಿತ್ತು. ಅದನ್ನೇ ಹಿಡಿದುಕೊಂಡು ಹೊಂದಿಸಿದೆ. ಮೂರು ಹಾಡು, ಒಟ್ಟು 12 ನಿಮಿಷ ಚಿಲ್ಲರೆ. ಎಣಿಸುತ್ತಿದ್ದ ಬಾವಿಯವನು ಈಗ ಸಣ್ಣ ಹುಡುಗನ ಹಾಗೆ "ಒಂದು ಎರಡು ಮೂರು ನಾಕು" ಅನ್ನುತ್ತಾನೆ. ಎರಡನೇ ಹಾಡಿಗೆ ಮುಂಚೆ ಇನ್ನೊಬ್ಬ "ಬೇಗ ಬಾರೋ, ಕರೆಂಟು ಹೋಗೋಕೆ ಐದು ನಿಮಿಷ ಇದೆ" ಅಂತಾನೆ, ಅದಕ್ಕೇ ಇರಬೇಕು ಆ ಹಾಡು ಪೂರ್ತಿ ಓಟ. ಸಾಹಿತ್ಯ ಕನ್ನಡ. ಕುಕ್ಕರಿನ ಎರಡು ಸೀಟಿ ಇದೆ, ಮೂರನೆಯದು ಬರುವ ಮೊದಲು ಟೇಪ್ ನಿಲ್ಲಿಸಿದ್ದಾರೆ.

ಇನ್ನೊಂದು ವಿಷಯ. ನಾಲ್ಕನೇ ಟ್ರ್ಯಾಕಿನಲ್ಲಿ ಹಾಡುತ್ತಿರುವುದು ನಮ್ಮಣ್ಣ.

ಒಗ್ಗರಣೆ
"ಯಾರದೋ ಏನೋ, ಎಸೆದುಬಿಡು." ಹಹಹ.

ಕೀಬೋರ್ಡ್ ಅಕ್ಕ
ಅವರು ಹಾಡುತ್ತಿದ್ದರು ಅಂತ ನಿಮಗೆ ಗೊತ್ತೇ ಇರಲಿಲ್ಲವಾ?

ಹತ್ತನೇ ಮೇನ್
ಇಲ್ಲ. ನಾನಾಗ ಏಳನೇ ಕ್ಲಾಸು. ಅವನು ಕಂಬೈನ್ಡ್ ಸ್ಟಡಿ ಅಂತ ಹೋಗುತ್ತಿದ್ದ. ಈಗ ಫೋನ್ ಮಾಡಿ ಎರಡು ಸಾಲು ಕೇಳಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದು ಹೇಗೆ ಕೇಳಿಸ್ತಿದೆ ನಿನಗೆ?" ಅಂದ. ನನಗೆ ಅರ್ಥ ಆಗಲಿಲ್ಲ.

ಎರಡು ತಂತಿ ಕಮ್ಮಿ
ನನಗೆ ಅರ್ಥ ಆಯಿತು. ಇದಕ್ಕೋಸ್ಕರವೇ ಇಲ್ಲಿ ಸೇರಿದ್ದೇನೆ, ಒಬ್ಬ ಹಳೇ ಕ್ಲಾಸ್‌ಮೇಟ್ ಲಿಂಕ್ ಕಳಿಸಿದ. ಎಮ್ಮೆ ನಾನೇ.

ಯಂತ್ರ ಬೆಂಗಳೂರಿನ ಒಬ್ಬರದು. ಮೂರು ದಿನಕ್ಕೆ ಅಂತ ಕೊಟ್ಟರು. ಬೆಡ್‌ಶೀಟಿನಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದೆ. ಕುವೆಂಪುನಗರದಲ್ಲಿ ಗಿಟಾರಿನವನ ಮಹಡಿ ರೂಮು. ಡ್ರಮ್ ಸೆಟ್ಟು ಅಂದರೆ ಕಿಕ್ಕು, ಸ್ನೇರು, ಒಂದು ಸಿಂಬಲ್. ಫ್ಯಾನಿನ ಕೊಕ್ಕೆಗೆ ಒಂದು ಮೈಕ್ ಕಟ್ಟಿದ್ದೆವು, ಸೆಕೆಗೆ ಸತ್ತೆವು. ಮೊದಲ ದಿನ ಡ್ರಮ್ ಮತ್ತು ನಾನು. ಎರಡನೇ ದಿನ ಗಿಟಾರ್. ಮೂರನೇ ದಿನ ಹಾಡು, ಆವತ್ತು ನನಗೆ ಲ್ಯಾಬ್ ಇಂಟರ್ನಲ್ಸ್, ನಾನು ಇರಲಿಲ್ಲ. ಇದ್ದದ್ದು ಒಂದೇ ಹೆಡ್‌ಫೋನು, ಅದು ಹಾಡುವವನ ಕಿವಿಯಲ್ಲಿ. ರಾತ್ರಿ ಇನ್ನೊಂದು ಡೆಕ್ಕಿಗೆ ಮಿಕ್ಸ್ ಮಾಡಿಕೊಳ್ಳಬೇಕಿತ್ತು. ಓನರ್ ಮನೆಯಿಂದ ಡೆಕ್ ತಂದು ವೈರ್ ಸಿಕ್ಕಿಸುವ ಹೊತ್ತಿಗೆ ಕರೆಂಟು ಹೋಯಿತು. ಬೆಳಗ್ಗೆ ಆರರ ಬಸ್ಸಿಗೆ ಯಂತ್ರ ವಾಪಸ್ಸು.

ಕೈಯಲ್ಲಿ ಉಳಿದದ್ದು ಈ ಕ್ಯಾಸೆಟ್ಟು. ಯಾವ ಡೆಕ್ಕಿಗೆ ಹಾಕಿದರೂ ಎಮ್ಮೆ ಮತ್ತು ದೆವ್ವ. ಇನ್ನೊಂದು ಸಲ ಯಂತ್ರ ಸಿಕ್ಕರೆ ಮಿಕ್ಸ್ ಮಾಡೋಣ ಅಂತ ನಿಮ್ಮಣ್ಣ ಇಟ್ಟುಕೊಂಡ. ಸಿಗಲಿಲ್ಲ. ಕೆಲಸ ಅಂತ ಒಬ್ಬೊಬ್ಬರು ಒಂದೊಂದು ಕಡೆ ಹೋದೆವು. ನಾಲ್ಕೂ ಟ್ರ್ಯಾಕ್ ಒಟ್ಟಿಗೆ ನಾನು ಇವತ್ತಿನವರೆಗೆ ಕೇಳಿಲ್ಲ. ಡ್ರಮ್ಮಿನವನಂತೂ ಡ್ರಮ್ ಬಿಟ್ಟು ಏನೂ ಕೇಳಿಲ್ಲ.

ಸೋಲ್ಡರಿಂಗ್ ಐರನ್
ಫೈಲ್ ಇವರಿಗೆ ಮೊದಲು ಕಳಿಸಿ.

ಸೆಕ್ಷನ್ 13
ಆಕ್ಷೇಪಣೆ ಇಲ್ಲ.

ಹತ್ತನೇ ಮೇನ್
ಖಾಸಗಿ ಮೆಸೇಜಿನಲ್ಲಿ ಕಳಿಸಿದೆ. ಡಿಬಿಎಕ್ಸ್ ಇನ್ನೂ ಸರಿ ಮಾಡಿಲ್ಲ, ಡ್ರಮ್ ಸ್ವಲ್ಪ ಬುಸುಗುಡುತ್ತದೆ.

ಎರಡು ತಂತಿ ಕಮ್ಮಿ
ಕೇಳಿದೆ. ಎರಡು ಸಲ. ಡ್ರಮ್ಮಿನವನಿಗೂ ಕಳಿಸಿದೆ.

ಬೇಸ್ ಏನೂ ಕೇಳಿಸುತ್ತಿಲ್ಲ. ಏರಿಸಿ.

ಹತ್ತನೇ ಮೇನ್
ಅಣ್ಣ ಹಾಡಿನ ಸೌಂಡ್ ಇಳಿಸು ಅಂತಿದ್ದಾನೆ, ಮೂರನೇ ಹಾಡಿನ ಎರಡನೇ ಚರಣದಲ್ಲಿ ಶ್ರುತಿ ಹೋಗಿದೆಯಂತೆ, ಅದನ್ನು ಯಾರಿಗೂ ಕೇಳಿಸಬಾರದಂತೆ. ಇಳಿಸಿದರೆ ಗಿಟಾರಿನವರು ಏನಂತಾರೋ.

ಸಕ್ಕರೆನಾಡು
ಇಪ್ಪತ್ತೇಳು ವರ್ಷ ಆದ ಮೇಲೆ ಮೊದಲ ಜಗಳ. ಈಗ ಬ್ಯಾಂಡು ಅನಿಸಿತು ನೋಡಿ. ಅಂದಹಾಗೆ ನನ್ನ ಡೆಕ್ಕಿನ ಬೆಲ್ಟ್ ನಿಜವಾಗಿಯೂ ಸಡಿಲ ಆಗಿದೆ, ಆ ಆರು ನಿಮಿಷ ಇಳಿಸಬೇಕಿದೆ. ಮೈಸೂರಿನಲ್ಲಿ ಚಪ್ಪಟೆ ಬೆಲ್ಟ್ ಎಲ್ಲಿ ಸಿಗುತ್ತದೆ?

ಅಗ್ರಹಾರ ಸರ್ಕಲ್
ನನ್ನ ಹತ್ತಿರ ಎರಡಿವೆ. ಭಾನುವಾರ ಬನ್ನಿ, ಕ್ಯಾಸೆಟ್ಟೂ ತನ್ನಿ.